ಕಾಮಲತಾ ಬಂದಳು

"ನೀವು ಕೊಟ್ಟ ಬೀಜ ಪೂರಾ ಸತ್ತದ್ದು! ಒಂದಾದ್ರೂ ಮೊಳೀಬೇಡ್ವಾ?"

ಸಯನ್‌ನ ಒಂದು ಬಿಲ್ಡಿಂಗಿನ ಟೆರೇಸಿನಲ್ಲಿ ಭಾನುವಾರದ ಬೀಜ ವಿನಿಮಯ ಜೋರಾಗಿ ನಡೆದಿತ್ತು. ಕಾಗದದ ಪೊಟ್ಟಣ ಹಿಡಿದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಬೀಜ ಹಂಚುತ್ತಿದ್ದ ಸುಪ್ರಜಾಳೂ ನೋಡಿದಳು. ಎತ್ತರದ ಹುಡುಗ, ಬೆವರಿದ ಹಣೆ, ಕೈಯಲ್ಲಿ ಬರೀ ಮಣ್ಣು ತುಂಬಿದ ಕುಂಡ. ಜಗಳಕ್ಕೆ ಸಾಕ್ಷಿ ಸಮೇತ ಬಂದಿದ್ದಾನೆ ಪುಣ್ಯಾತ್ಮ!

"ಯಾವ ಬೀಜ?"

"ಶಂಖಪುಷ್ಪ. ಹೋದ ಸಲ ನನ್ನ ಫ್ರೆಂಡ್ ಇಲ್ಲಿಂದ್ಲೇ ತಂದುಕೊಟ್ಟ. ಇವತ್ತು ಬೇಗ ಬಂದು ಕೇಳ್ಬೇಕು ಅಂತಿದ್ದೆ. ಟ್ರೇನ್ ಲೇಟಾಗಿ ಬಂದಳು."

ಕೋಪ ಮಾಡಿಕೊಳ್ಳಬೇಕೆಂದಿದ್ದ ಸುಪ್ರಜಾಳಿಗೆ ನಗು ತಡೆಯಲಾಗಲಿಲ್ಲ.

"ಟ್ರೇನ್ ಬಂದಳಾ? ಸೀರೆ ಉಟ್ಟಿದ್ದಳಾ?"

ಅವನ ಕಿವಿ ಕೆಂಪಾಯಿತು. "ಹಿಂದಿಯಲ್ಲಿ ಟ್ರೇನ್ ಆಯೀ ಅಂತಾರಲ್ವಾ... ನಾನು ಹುಟ್ಟಿದ್ದೇ ಘಾಟ್ಕೋಪರ್‌ನಲ್ಲಿ. ಕನ್ನಡ ಸ್ವಲ್ಪ ಸ್ವಲ್ಪ."

ಹೆಸರು ಧನರಾಜ್. ಅಪ್ಪ ಚೆನ್ನಯ್ಯನವರದು ಘಾಟ್ಕೋಪರ್ ಸ್ಟೇಷನ್ ಹತ್ತಿರ ಉಡುಪಿ ಹೋಟೆಲು. ಮಗ ಹಗಲಿಡೀ ಗಲ್ಲಾದಲ್ಲಿ ಕೂತರೂ ಮನಸ್ಸೆಲ್ಲ ಮನೆಯ ಬಾಲ್ಕನಿಯ ಕುಂಡಗಳಲ್ಲಿ.

"ಬೀಜ ಸತ್ತಿಲ್ಲ ಕಣ್ರೀ, ಮಲಗಿದೆ ಅಷ್ಟೆ," ಎಂದು ಸುಪ್ರಜಾ ಪರ್ಸಿನಿಂದ ನೇಲ್ ಕಟರ್ ತೆಗೆದಳು. ಒಂದು ಬೀಜದ ಅಂಚನ್ನು ಕಟ್ ಎಂದು ಚೂರೇ ಚೂರು ಚಿವುಟಿದಳು. "ಇದರ ಸಿಪ್ಪೆ ಕಲ್ಲಿನಂಗೆ. ಹೀಗೆ ಚಿವುಟಿ, ರಾತ್ರಿಯಿಡೀ ನೀರಲ್ಲಿ ನೆನೆಹಾಕಬೇಕು. ಒಳಗೆ ನೀರಿಳಿಯದೆ ಮೊಳಕೆ ಎಲ್ಲಿಂದ ಬರಬೇಕು?"

ಧನರಾಜ್ ಬೀಜ ನೋಡಲಿಲ್ಲ. ಅವಳ ಬೆರಳನ್ನೇ ನೋಡುತ್ತಿದ್ದ!

"ಅಬ್ಬಲಿಗೆ ಬೀಜ ಉಂಟಾ?" ಎಂದ ಆಮೇಲೆ, ಮೆತ್ತಗೆ.

"ಅಬ್ಬಲಿಗೆ? ಅದ್ಯಾವುದು?"

ಫೋನಿನಲ್ಲಿ ಚಿತ್ರ ತೋರಿಸಿದ.

"ಅಯ್ಯೋ, ಕನಕಾಂಬರ!" ಮೈಸೂರು ಕಡೆಯ ಮನೆತನದ ಸುಪ್ರಜಾ ನಕ್ಕಳು. ಅದನ್ನೂ ಕೊಟ್ಟಳು. ಜೊತೆಗೆ ಕಾಳುಮೆಣಸಿಗಿಂತ ಸಣ್ಣದಾದ ಉದ್ದನೆಯ ಕಪ್ಪು ಬೀಜಗಳನ್ನು ಅವನ ಅಂಗೈಗೆ ಸುರಿದಳು. "ಇದೊಂದು ಬಳ್ಳಿ. ಹೆಸರು ಹೇಳಲ್ಲ. ಹೂ ಬಿಟ್ಟ ಮೇಲೆ ನೀವೇ ಹೇಳಬೇಕು."

ಆ ಬೀಜ ಗಣೇಶವೇಲಿನದು. ಪಕ್ಕದ ಮನೆಯ ಮರಾಠಿ ಆಂಟಿಯಿಂದ ಕಲಿತ ಹೆಸರು. ಸುಪ್ರಜಾಳಿಗೆ ಅದಕ್ಕೆ ಬೇರೆ ಹೆಸರೇ ಗೊತ್ತಿರಲಿಲ್ಲ.

ಅಂದಿನಿಂದ ಶುರುವಾಯಿತು ನೋಡಿ! ಎಲೆ ಹಳದಿಯಾಯಿತೆಂದು ಫೋನು, ಹುಳ ಬಿತ್ತೆಂದು ಫೋನು, ಏನೂ ಆಗಿಲ್ಲವೆಂದು ಹೇಳಲೂ ಫೋನು. ಮುಲುಂಡಿನ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಕೆಲಸ ಮುಗಿಸಿ ಲೋಕಲ್ ಹತ್ತುವ ಸುಪ್ರಜಾ ಘಾಟ್ಕೋಪರ್ ಬಂತೆಂದರೆ ಬಾಗಿಲ ಬಳಿ ಬರುವಳು. ಪ್ಲಾಟ್‌ಫಾರ್ಮಿನಲ್ಲಿ ಅವನು ನಿಂತಿರುವನು. ಕೈಗೆ ಬಿಸಿ ಗೋಳಿಬಜೆಯ ಸ್ಟೀಲ್ ಡಬ್ಬ ಕೊಡುವಷ್ಟರಲ್ಲಿ ಟ್ರೇನ್ ಹೊರಟಿರುತ್ತಿತ್ತು. ಆ ಅರೆಗಳಿಗೆಗಾಗಿ ಸುಪ್ರಜಾ ದಿನವಿಡೀ ಕಾಯುತ್ತಿದ್ದಳು. ಅವಳಿಗೆ ಅವನೆಂದರೆ ಪ್ರಾಣ. ಆದರೆ ಬಾಯಿಬಿಟ್ಟು ಹೇಳಬೇಕಲ್ಲ... ಅವನಾದರೂ ಹೇಳಬಾರದೇ?

ಇತ್ತ ಅಮ್ಮ ಕೌಸಲ್ಯಾಗೆ ಅವಸರ. "ಕಾಂದಿವಲಿಯವರು ಹೆಣ್ಣು ನೋಡೋಕೆ ಬರ್ತೀವಿ ಅಂತಿದ್ದಾರೆ ಕಣೇ. ಹುಡುಗ ವಿಕ್ರಂ, ಒಳ್ಳೇ ಕೆಲಸ. ಏನು ಹೇಳ್ಲಿ?"

"ಈ ವಾರ ಒಂದು ತಡಿಯಮ್ಮ."

ತಡಿ ಎಂದದ್ದಕ್ಕೆ ಕಾರಣವಿತ್ತು. ಹಿಂದಿನ ದಿನವಷ್ಟೇ ಧನರಾಜ್ ಡಬ್ಬ ಕೊಡುತ್ತಾ, "ಊರಿನ ಅಕ್ಕು ಅಜ್ಜಿ ಹತ್ರ ಮಾತಾಡಿ ನಿಮಗೆ ಒಂದು ವಿಷಯ ಹೇಳ್ಬೇಕು," ಎಂದಿದ್ದ. ಅಜ್ಜಿಯನ್ನು ಕೇಳಿ ಹೇಳುವ ವಿಷಯ ಇನ್ನೇನಿರುತ್ತದೆ? ಸುಪ್ರಜಾ ದಿನ ಎಣಿಸತೊಡಗಿದಳು.

ಶುಕ್ರವಾರ ಫೋನು ಬಂತು. ಲೋಕಲ್‌ನ ಲೇಡೀಸ್ ಬೋಗಿಯಲ್ಲಿ ಉಸಿರಾಡಲೂ ಜಾಗವಿಲ್ಲ. ಒಂದು ಕಿವಿ ಮುಚ್ಚಿಕೊಂಡು ಆಲಿಸಿದಳು.

"ಸುಪ್ರಜಾ! ಅವಳು ಬಂದಳು!"

"ಯಾ... ಯಾರು?"

"ಕಾಮಲತಾ! ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅಜ್ಜಿಗೆ ಭಾರೀ ಖುಷಿ! ಕೆಂಪು ಕೆಂಪು, ಎಷ್ಟು ಚಂದ ಇದ್ದಾಳೆ ಗೊತ್ತುಂಟಾ? ಬೆಳಿಗ್ಗೆ ಎದ್ದ ಕೂಡ್ಲೇ ಅವಳ ಮುಖಾನೇ ನೋಡೋದು ನಾನು!"

ಸುಪ್ರಜಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ತುಂಬಾ ನಾಜೂಕು ಅವಳು. ಆಧಾರ ಬೇಕಲ್ಲ? ಅದಕ್ಕೇ ನಾನೇ ದಾರ ಕಟ್ಟಿದೆ. ಬಿಚ್ಚಿ ಹೋಗ್ಬಾರದು ಅಂತ ಮೂರು ಗಂಟು ಹಾಕಿದೆ!"

ಮೂರು ಗಂಟು...!

"ಅಪ್ಪ ಮಾತ್ರ ಬೈತಾರೆ, ಬಾಲ್ಕನಿ ಪೂರಾ ಅವಳದ್ದೇ ಆಯ್ತು ಅಂತ. ಇದೆಲ್ಲ ನಿಮ್ಮಿಂದ್ಲೇ ಸುಪ್ರಜಾ, ನೀವು..."

ಅವಳು ಫೋನ್ ಕತ್ತರಿಸಿದಳು. ಘಾಟ್ಕೋಪರ್ ಬಂದಾಗ ಬಾಗಿಲ ಬಳಿ ಹೋಗಲಿಲ್ಲ. ಜನರ ಬೆನ್ನ ಹಿಂದೆ ನಿಂತು, ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು.

ಟ್ರೇನನ್ನೇ 'ಬಂದಳು' ಎಂದವನ ಮಾತಿದು ಎಂದು ಒಂದು ಕ್ಷಣ ಯೋಚಿಸಬಾರದಿತ್ತೇ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಪ್ರೀತಿಸುವವರ ಕಿವಿಗೂ ಅಂಥದೇ ಕಾಯಿಲೆ ಇರಬೇಕು.

ಮನೆಗೆ ಬಂದವಳೇ, "ಅಮ್ಮಾ, ಕಾಂದಿವಲಿಯವರು ಭಾನುವಾರ ಸಂಜೆ ಬರಲಿ," ಎಂದಳು. ಅವನ ಫೋನುಗಳು ಹೊಡೆದುಕೊಂಡೇ ಇದ್ದವು. ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಆ ಸ್ಟೀಲ್ ಡಬ್ಬ ಕಂಡಿತು. ಇದೊಂದು ಋಣ ಯಾಕೆ? ಕೊಟ್ಟು ಬಂದುಬಿಡೋಣ.

"ಖಾಲಿ ಡಬ್ಬ ಕೊಡಬಾರದು ಕಣೇ," ಎಂದು ಕೌಸಲ್ಯಾ ಅದಕ್ಕೆ ಎರಡು ಹಿಡಿ ಸಕ್ಕರೆ ಹಾಕಿದರು. ಅವನ ಮದುವೆಗೆ ನನ್ನ ಕೈಯಿಂದಲೇ ಸಕ್ಕರೆ! ಸುಪ್ರಜಾಳಿಗೆ ಅಳುವೇ ಬಂತು.

ಘಾಟ್ಕೋಪರ್‌ನ ಮನೆಯ ಬಾಗಿಲು ತೆರೆದವರು ಚೆನ್ನಯ್ಯನವರು.

"ಓ, ಬೀಜದ ಹುಡುಗಿಯಾ? ಬಾಮ್ಮ, ಒಳಗೆ ಬಾ."

ಸುಪ್ರಜಾ ಡಬ್ಬವನ್ನು ಅವರ ಕೈಗಿತ್ತಳು. "ಕಾಮಲತಾ... ಇದ್ದಾರಾ?"

"ಅವಳಾ?" ಚೆನ್ನಯ್ಯ ಹಣೆ ಚಚ್ಚಿಕೊಂಡರು. "ಎಲ್ಲಿಗೆ ಹೋಗ್ತಾಳೆ? ಅಲ್ಲೇ ಬಾಲ್ಕನಿಯಲ್ಲಿ ನೇತಾಡ್ತಾ ಉಂಟು! ನನ್ನ ಪಂಚೆ ಒಣಗಿಸುವ ಹಗ್ಗವನ್ನೂ ಬಿಡಲಿಲ್ಲ ಮಾರಾಯ್ತಿ!"

ನೇತಾಡ್ತಾ...?

ಸುಪ್ರಜಾ ಬಾಲ್ಕನಿಗೆ ಕಾಲಿಟ್ಟಳು. ಸಬ್ಬಸಿಗೆ ಸೊಪ್ಪಿನಂಥ ನವಿರು ಎಲೆಗಳ ಬಳ್ಳಿ ಗ್ರಿಲ್ಲಿನ ತುಂಬ ಹಬ್ಬಿತ್ತು. ಅದರ ತುಂಬ ಕೆಂಪು ಕೆಂಪು ಪುಟ್ಟ ನಕ್ಷತ್ರ ಹೂಗಳು. ಬುಡದಲ್ಲಿ ಒಂದು ದಾರ. ದಾರಕ್ಕೆ ಮೂರು ಗಂಟು.

"ಇದು... ಇದು ಗಣೇಶವೇಲ್!"

"ಗಣೇಶವೇಲಾ?" ನೀರಿನ ಮಗ್ಗು ಹಿಡಿದು ನಿಂತಿದ್ದ ಧನರಾಜ್ ಪೆಚ್ಚಾದ. "ಅಜ್ಜಿ ಕಾಮಲತೆ ಅಂದ್ರಲ್ಲ? ನಾನು ಹೆಸರು ತಪ್ಪು ಹೇಳಿದೆ, ಅದಕ್ಕೆ ನೀವು ಫೋನ್ ಎತ್ತಲಿಲ್ವಾ?"

ಅಳಿಯ ಅಲ್ಲ, ಮಗಳ ಗಂಡ! ಎರಡೂ ಒಂದೇ ಬಳ್ಳಿ. ಅದೂ ಅವಳೇ ಕೊಟ್ಟ ಬಳ್ಳಿ. ಸುಪ್ರಜಾ ಅಲ್ಲೇ ಸ್ಟೂಲಿನ ಮೇಲೆ ಕುಸಿದು, ನಗುತ್ತಾ ಅಳತೊಡಗಿದಳು.

"ಬಳ್ಳಿಗೆ ಯಾರಾದ್ರೂ 'ಅವಳು' ಅಂತಾರೇನ್ರೀ?"

"ಹಿಂದಿಯಲ್ಲಿ ಬೇಲ್ ಆಯೀ... ಮರಾಠಿಯಲ್ಲೂ ವೇಲ್ ಆಲೀ..."

"ಮೂರು ಗಂಟು ಹಾಕಿದೆ ಅಂದ್ರೆ ಕನ್ನಡದಲ್ಲಿ ಏನರ್ಥ ಗೊತ್ತಾ? ತಾಳಿ ಕಟ್ಟಿದೆ ಅಂತ! ನಾನು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ!"

ಧನರಾಜ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಮಗ್ಗು ಕೈಜಾರಿ ಬಿತ್ತು. ನೀರು ಪಕ್ಕದ ಕನಕಾಂಬರದ ಕುಂಡದ ಮೇಲೆ ಚೆಲ್ಲಿತು.

"ಊಟ... ಯಾಕೆ ಮಾಡಿಲ್ಲ ಸುಪ್ರಜಾ?"

"ಇನ್ನೂ ಹೇಳ್ಬೇಕಾ? ನೀವೂ ಆ ಬೀಜದ ಜಾತಿಯೇ. ಚಿವುಟದೆ ಒಳಗೆ ಏನೂ ಇಳಿಯಲ್ಲ! ಇವತ್ತು ಸಂಜೆ ನನ್ನನ್ನ ನೋಡೋಕೆ ಕಾಂದಿವಲಿಯವರು ಬರ್ತಿದ್ದಾರೆ."

"ಬೇಡ!" ಅವನು ಕೂಗಿಯೇಬಿಟ್ಟ. ಆಮೇಲೆ ದನಿ ತಗ್ಗಿಸಿದ. "ಬೇಡ ಸುಪ್ರಜಾ. ಹೂವಿನ ಹೆಸರು ಸರಿ ಹೇಳಿದರೆ ಮನಸ್ಸಿನದ್ದೂ ಹೇಳ್ಬೇಕು ಅಂತ ಕಾಯ್ತಾ ಇದ್ದೆ. ನೀವಿಲ್ಲದೆ ನನಗೆ ಆಗೋದಿಲ್ಲ. ಅಜ್ಜಿಗೂ ಗೊತ್ತುಂಟು. ಬೀಜ ಕೊಟ್ಟವಳನ್ನು ಯಾವಾಗ ತೋರಿಸ್ತೀ ಅಂತ ಕೇಳಿದ್ರು."

ಒದ್ದೆಯಾದ ಕನಕಾಂಬರದ ಒಣ ಕಾಯೊಂದು ಆಗಲೇ ಪಟ್ ಎಂದು ಸಿಡಿಯಿತು. ಬೀಜ ಹಾರಿ ಸುಪ್ರಜಾಳ ಮಡಿಲಿಗೆ ಬಿತ್ತು.

ಅವಳು ಫೋನ್ ತೆಗೆದಳು. "ಅಮ್ಮಾ, ಕಾಂದಿವಲಿಯವರಿಗೆ ಕ್ಷಮೆ ಕೇಳಿ ಬೇಡ ಅಂದುಬಿಡು. ನಾನು ಬಂದು ಎಲ್ಲಾ ಹೇಳ್ತೀನಿ."

"ಗೋಳಿಬಜೆ ಹುಡುಗನೇನೇ?" ಎಂದರು ಕೌಸಲ್ಯಾ ಆ ಕಡೆಯಿಂದ. ಅಮ್ಮಂದಿರಿಗೆ ಯಾವುದು ತಾನೇ ಗೊತ್ತಿರುವುದಿಲ್ಲ!

ಒಳಗೆ ಚೆನ್ನಯ್ಯನವರು ಡಬ್ಬದ ಮುಚ್ಚಳ ತೆಗೆದಿದ್ದರು. "ಸಕ್ಕರೆ ಎಂಥಕ್ಕೆ ಮಾರಾಯ್ರೆ?" ಎಂದು ಕೂಗಿದರು.

ಧನರಾಜ್ ಅವಳ ಕೈ ಹಿಡಿದುಕೊಂಡ. ಫೋನಿನಲ್ಲಿ ಅಕ್ಕು ಅಜ್ಜಿಯ ನಂಬರ್ ಒತ್ತಿ, ಒಂದು ಕ್ಷಣ ಅನುಮಾನಿಸಿದ.

"ಅಜ್ಜಿಗೆ ಏನು ಹೇಳ್ಲಿ? ಸುಪ್ರಜಾ ಬಂದಿತು... ಅಲ್ಲ, ಬಂದ್ರು... ಯಾವುದು ಸರಿ?"

ಸುಪ್ರಜಾ ಅವನ ಭುಜಕ್ಕೆ ತಲೆಯಾನಿಸಿದಳು.

"ಬಂದಳು ಅನ್ನು."