ಬಿಟ್ಟಿ ಕಾರ್ಡು

“ಸ್ವೆಟರ್ ಹೆಣೆಯೋ ಕಡ್ಡಿ ಇದೆಯೇನ್ರಿ?”

ಅರವತ್ತೊಂದರ ಏಪ್ರಿಲ್‌ನಲ್ಲಿ, ಕೊಳ್ಳೇಗಾಲದ ರೇಷ್ಮೆ ಆಫೀಸಿಗೆ ಬಂದ ಮೊದಲ ದಿನವೇ ಇಲಾಖೆಯ ಅಧಿಕಾರಿ ಗುರುಪಾದಸ್ವಾಮಿ ಕೇಳಿದ್ದು ಇದನ್ನು. ಗುಮಾಸ್ತೆ ಶಿವರತ್ನಮ್ಮ ಕಿಟಕಿಯಾಚೆಯ ಉರಿಬಿಸಿಲನ್ನು ನೋಡಿದಳು, ಅವನನ್ನು ನೋಡಿದಳು.

“ಈ ಬಿಸ್ಲಲ್ಲಿ ಸ್ವೆಟರ್ರಾ ಸಾ?”

ಅವನು ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಅದನ್ನು ನೋಡಬಾರದಿತ್ತು, ನೋಡಿಬಿಟ್ಟಳು.

ಕಡ್ಡಿ ಬೇಕಾಗಿದ್ದದ್ದು ಕಾರ್ಡಿಗೆ. ಮೈಸೂರಿನ ಪ್ರೊಫೆಸರೊಬ್ಬರು ಕೇಳಿದವರಿಗೆಲ್ಲ ಬಿಟ್ಟಿ ಹಂಚುತ್ತಿದ್ದ ಕಾರ್ಡು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬಂತೆ ಪತ್ರ ಬರೆದು ಐನೂರು ತರಿಸಿದ್ದ. ಒಬ್ಬ ಬೆಳೆಗಾರನಿಗೆ ಒಂದು ಕಾರ್ಡು. ಅಂಚಿನುದ್ದಕ್ಕೂ ತೂತು: ಹನೂರಿಗೊಂದು, ಯಳಂದೂರಿಗೊಂದು, ಹುಳದ ರೋಗಕ್ಕೊಂದು. ಯಳಂದೂರಿನವನಾದರೆ ಆ ತೂತನ್ನು ಅಂಚಿನವರೆಗೆ ಕತ್ತರಿಸಬೇಕು. ಕಟ್ಟಿನ ಆ ತೂತಿಗೆ ಕಡ್ಡಿ ತೂರಿಸಿ ಎತ್ತಿದರೆ ಯಳಂದೂರಿನವು ಮಾತ್ರ ಕೆಳಗೆ ಬೀಳುತ್ತವೆ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದ ತಮಿಳು ರಿಜಿಸ್ಟರುಗಳಲ್ಲಿ ಎರಡು ದಿನ ಹುಡುಕುವ ಕೆಲಸ ಎರಡು ನಿಮಿಷಕ್ಕೆ ಬಂತು.

ಮದ್ರಾಸಿನ ಕಂಪನಿಯೊಂದು ಇಂಥದೇ ಕಾರ್ಡು ಮಾರುತ್ತಿತ್ತು, ಸ್ಯಾಂಪಲ್ಲೂ ಬಂದಿತ್ತು. ದಪ್ಪ ಕಾರ್ಡು, ಉಕ್ಕಿನ ಕಡ್ಡಿ, ಜೊತೆಗೆ ತಪ್ಪಿ ಕತ್ತರಿಸಿದ ತೂತು ಮುಚ್ಚಲು ಅಂಟುಚೀಟಿ. ಯಾವುದು ಮೇಲೆಂದು ಒಂದು ತಿಂಗಳಲ್ಲಿ ವರದಿ ಬರೆದು ಅವನು ಹೊರಡಬೇಕು.

ಆ ತಿಂಗಳೆಲ್ಲ ಒಂದೇ ಮೇಜಿನ ಎರಡು ಬದಿಗೆ ಇಬ್ಬರೂ ಕೂತರು. ಅವಳ ಕೈಗೆ ಬಿಟ್ಟಿ ಕಟ್ಟು, ಅವನ ಕೈಗೆ ಕಂಪನಿ ಕಟ್ಟು.

“ನಂದು ಗೆದ್ರೆ ಏನ್ ಕೊಟ್ಟೀರಿ ಸಾ?”

“ಏನ್ ಕೇಳಿದ್ರೂ.”

ಅವಳು ಕೇಳಲಿಲ್ಲ. ಕಾರ್ಡು ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಕೊನೆಯ ದಿನದ ಹಿಂದಿನ ಸಂಜೆ ಅವಳ ಕಟ್ಟಿನಲ್ಲಿ ಒಂದು ಕಾರ್ಡು ಹೆಚ್ಚಿತ್ತು. ಊರು ಯಳಂದೂರು. ಬೆಳೆಗಾರ ಎಂಬಲ್ಲಿ ಅವನದೇ ಹೆಸರು. ಕೆಳಗೆ ಅವನ ದುಂಡಕ್ಷರ: ‘ನಿಮ್ಮ ತಂದೆಯವರನ್ನು ಕೇಳಲೇ?’

ಜೀವ ಝಲ್ಲೆಂದಿತು. ಹಿಂದೆಯೇ ಅತ್ತಿಗೆ ಚನ್ನಾಜಮ್ಮನ ತುಂಬಿದ ಹೊಟ್ಟೆ ಕಣ್ಣಮುಂದೆ ಬಂತು. ಅಣ್ಣನಿಗೆ ಮಾಂಬಳ್ಳಿಯಿಂದ ಅವಳನ್ನು ತಂದಾಗಲೇ, ಬದಲಿಗೆ ಆ ಮನೆಗೆ ಇವಳನ್ನು ಕೊಡುವುದೆಂದು ಮಾತಾಗಿತ್ತು. ಇವಳು ಒಲ್ಲೆನೆಂದರೆ ಅತ್ತಿಗೆ ತವರಿಗೆ ಗಂಟುಮೂಟೆ ಕಟ್ಟಬೇಕು.

ಶಿವರತ್ನಮ್ಮ ಕಂಪನಿಯ ಅಂಟುಚೀಟಿ ಒಂದನ್ನು ಒದ್ದೆ ಮಾಡಿ ಆ ಕಾರ್ಡಿನ ಯಳಂದೂರಿನ ತೂತಿಗೆ ಅಂಟಿಸಿದಳು. ನೀರು ಹುಡುಕಬೇಕಾಗಲಿಲ್ಲ.

ಮರುದಿನ ಅವನೆಂದ, “ಕೊನೇದು ಯಳಂದೂರು. ನೀವೇ ಎತ್ತಿ.”

ಎತ್ತಿದಳು. ಹನ್ನೊಂದು ಕಾರ್ಡು ಬಿದ್ದವು. ಅವನು ಎರಡೆರಡು ಸಲ ನೋಡಿದ. ಆಮೇಲೆ ಕಡ್ಡಿಯಲ್ಲಿ ಉಳಿದ ತನ್ನ ಕಾರ್ಡನ್ನು ಹುಡುಕಿ ತೆಗೆದು, ತೂತಿನ ಮೇಲಿನ ಚೀಟಿಯನ್ನು ಬೆರಳಲ್ಲಿ ಸವರಿದ.

“ಅತ್ತಿಗೆಗೆ ಏಳು ತಿಂಗ್ಳು ಸಾ,” ಎಂದಳು. “ಕೊಟ್ಟು ತಂದಿರೋ ಸಂಬಂಧ.”

ಯಳಂದೂರಿನವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಪೆನ್ನು ತೆಗೆದ. “ಕಂಪನಿದೇ ಮೇಲು ಅಂತ ಬರೀತೀನಿ. ತಪ್ಪಿ ಕತ್ತರಿಸಿದ್ದನ್ನ ಮುಚ್ಚಬೋದು.”

“ತಪ್ಪಿ ಕತ್ರಿಸಿದ್ದು ಅಂತ ಬರೀಬ್ಯಾಡಿ ಸಾ.” ಅವಳು ಚೀಟಿಯ ಮೇಲೆ ಬೆರಳಿಟ್ಟಳು. “ಅದೊಂದ್ ಬರೀಬ್ಯಾಡಿ.”

ಅವನು ಕಾರ್ಡನ್ನು ಮತ್ತೆ ಕಟ್ಟಿಗೇ ಸೇರಿಸಿ ಮಧ್ಯಾಹ್ನದ ಬಸ್ಸು ಹತ್ತಿದ.

ಕಂಪನಿಯ ಕಾರ್ಡಿಗೆ ಮಂಜೂರಾತಿ ಬರಲೇ ಇಲ್ಲ. ಬಿಟ್ಟಿ ಕಾರ್ಡಿನಲ್ಲೇ ಕೆಲಸ ನಡೆಯಿತು. ಮಾಂಬಳ್ಳಿಯ ಸೊಸೆಯಾಗಿ, ದಿನಾ ಬಸ್ಸಿನಲ್ಲಿ ಬಂದುಹೋಗುತ್ತ ಶಿವರತ್ನಮ್ಮ ಯಳಂದೂರಿಗೆಂದು ಎಷ್ಟು ಸಲ ಕಡ್ಡಿ ಎತ್ತಿದಳೋ! ಆ ಒಂದು ಕಾರ್ಡು ಪ್ರತಿ ಸಲವೂ ಮೇಲೆಯೇ ಉಳಿಯುತ್ತಿತ್ತು.

ಹದಿನಾಲ್ಕನೆಯ ಬೇಸಿಗೆಯಲ್ಲಿ ಅಂಟು ಒಣಗಿ ಚೀಟಿ ಕಳಚಿತು. ಎಲ್ಲರೂ ಊಟಕ್ಕೆ ಹೋದ ಹೊತ್ತು. ಅವಳು ಕಡ್ಡಿ ಎತ್ತಿದಾಗ ಯಳಂದೂರಿನವುಗಳ ಜೊತೆ ಅದೂ ಬಿತ್ತು. ಕೈಗೆತ್ತಿಕೊಂಡು ಓದಿದಳು.

“ಊಂ, ಕೇಳಿ ಸಾ,” ಎಂದಳು. ಆಫೀಸಿನಲ್ಲಿ ಯಾರೂ ಇರಲಿಲ್ಲ.