ತಡೆಪಟ್ಟಿ

ಚೆಂಡು ನೆಟ್ಟಿನ ಮೇಲಿಂದ ಎದೆಯೆತ್ತರಕ್ಕೆ ಬಂತು. ಶ್ರೀಲತಾ ಎಂದಿನಂತೆ ಹಲ್ಲು ಕಚ್ಚಿ ಬ್ಯಾಟಿನಂಥ ಪ್ಯಾಡಲ್ ಬೀಸಲು ಹೊರಟಳು. ಅಷ್ಟರಲ್ಲಿ ಮುಂಗೈಗೆ ಕಟ್ಟಿದ್ದ ಪಟ್ಟಿ, ಯಾರೋ ಬೆರಳಿನಿಂದ ತಟ್ಟಿದ ಹಾಗೆ ಮೆಲ್ಲಗೆ ತಟ್ಟಿತು. ಕೈ ಅಲ್ಲೇ ನಿಂತಿತು. ಚೆಂಡು ಅವಳನ್ನು ದಾಟಿ ಹೋಗಿ ಗೆರೆಯಿಂದ ಒಂದು ಅಡಿ ಆಚೆ ಬಿತ್ತು.

"ನೋಡಿದ್ರಾ? ಹೊಡೀದೇನೇ ಗೆದ್ರಿ," ಎಂದರು ಅಂಕಣದ ಪಕ್ಕದಲ್ಲಿ ನಿಂತಿದ್ದ ನರವಿಜ್ಞಾನಿ ಡಾ. ನಾಗವೇಣಿ.

"ಗೆದ್ದೆ ಅಂತ ಅನ್ನಿಸ್ಲೇ ಇಲ್ಲ ಮೇಡಂ. ಕೈ ಕಟ್ಟಿಹಾಕಿದ ಹಾಗಾಯ್ತು," ಎಂದಳು ಶ್ರೀಲತಾ.

ಶ್ರೀಲತಾ ಮೈಸೂರಿನಲ್ಲಿ ವಕೀಲೆ. ಎದುರು ಪಕ್ಷದವರು ಮಾತು ಮುಗಿಸುವ ಮೊದಲೇ ಉತ್ತರ ಕೊಟ್ಟು ಕೂರಿಸುವುದರಲ್ಲಿ ಎತ್ತಿದ ಕೈ. ಕೋರ್ಟಿನಲ್ಲಿ ಹೆಸರು ತಂದ ಈ ಗುಣವೇ ಪಿಕಲ್‌ಬಾಲ್ ಅಂಕಣದಲ್ಲಿ ಅವಳಿಗೆ ಮುಳುವಾಗಿತ್ತು. ಟೆನಿಸ್ಸನ್ನು ಹೋಲುವ ಈ ಆಟದಲ್ಲಿ ನೆಟ್ಟಿನ ಎರಡೂ ಬದಿಗೆ ಏಳೇಳು ಅಡಿಯ ಒಂದು ಪಟ್ಟೆ ಇರುತ್ತದೆ. ಆಟಗಾರರು ಅದನ್ನು 'ಅಡುಗೆಮನೆ' ಎನ್ನುತ್ತಾರೆ. ಅದರೊಳಗೆ ನಿಂತು ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹೊಡೆಯುವಂತಿಲ್ಲ. ಮಧ್ಯಮ ದರ್ಜೆಯವರು ಬಂದ ಚೆಂಡನ್ನೆಲ್ಲ ಬಡಿಯುತ್ತಾರೆ. ಪ್ರವೀಣರಾದರೋ ಚೆಂಡನ್ನು ಎದುರಾಳಿಯ ಅಡುಗೆಮನೆಗೆ ಮೆತ್ತಗೆ ಇಳಿಬಿಡುತ್ತ, ಸರಿಯಾದ ಒಂದು ಚೆಂಡಿಗಾಗಿ ಹತ್ತು ಸಲ ಬೇಕಾದರೂ ಕಾಯುತ್ತಾರೆ. ಶ್ರೀಲತಾಳಿಗೆ ಕಾಯುವುದೊಂದು ಬಾರದು. ಎರಡು ವರ್ಷದಿಂದ ಅವಳು ಗಂಡ ಮಧುಕರನ ಜೊತೆ ಕ್ಲಬ್ಬಿನ ಮಧ್ಯಮ ಗುಂಪಿನಲ್ಲೇ ಕೊಳೆಯುತ್ತಿದ್ದಳು. ಪ್ರವೀಣರ ಗುಂಪಿಗೆ ಏರಲೇಬೇಕೆಂಬ ಹಟ ತಲೆಗೆ ಹತ್ತಿತ್ತು.

ಮಧುಕರ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವನು. ಅವನಿಗೆ ಉಗ್ಗು. ಚೆಂಡು ಹೊರಗೆ ಹೋಗುವುದು ಅವನಿಗೆ ಮೊದಲೇ ಕಾಣುತ್ತಿತ್ತು. ಆದರೆ "ಬ... ಬಿಡು" ಎನ್ನುವಷ್ಟರಲ್ಲಿ ಹೆಂಡತಿ ಅದನ್ನು ಹೊಡೆದು ಕೆಡಿಸಿರುತ್ತಿದ್ದಳು.

ನಾಗವೇಣಿಯವರ ತಡೆಪಟ್ಟಿ ಶ್ರೀಲತಾಳಂಥ ಆತುರದವರಿಗೆಂದೇ ಹುಟ್ಟಿದ್ದು. ಮಿದುಳಿನಿಂದ ಹೊರಟ ನರಸಂಕೇತ ಸ್ನಾಯುವನ್ನು ಕುಗ್ಗಿಸುವ ಮುನ್ನವೇ ಪಟ್ಟಿ ಅದನ್ನು ಓದುತ್ತದೆ. ನೆಟ್ಟಿನ ಕಂಬದ ಮೇಲಿನ ಕ್ಯಾಮೆರಾ ಚೆಂಡಿನ ಹಾದಿಯನ್ನು ಲೆಕ್ಕ ಹಾಕಿ, ಹೊಡೆಯಬಾರದ ಚೆಂಡಾದರೆ ಪಟ್ಟಿಗೆ ಸುಳಿವು ಕೊಡುತ್ತದೆ. ನಲವತ್ತು ದಿನ ಹೀಗೆ ತಟ್ಟಿಸಿಕೊಂಡ ಮಿದುಳು ತಾನಾಗಿಯೇ ಅರೆಕ್ಷಣ ತಡೆಯುವುದನ್ನು ಕಲಿಯುತ್ತದೆ. ಆಮೇಲೆ ಪಟ್ಟಿ ಬೇಕಿಲ್ಲ.

ಮೂವತ್ತನೆಯ ದಿನ ಮನೆಯಲ್ಲಿ ಊಟಕ್ಕೆ ಕುಳಿತಾಗ ಒಂದು ವಿಚಿತ್ರ ನಡೆಯಿತು.

"ಲತಾ, ಈ ಪ... ಪಲ್ಯಕ್ಕೆ ಇಂಗು ಹಾಕೋದು ನಂಗೆ..." ಎಂದ ಮಧುಕರ.

"ಇಷ್ಟ ಅಂತಾನೇ ಹಾಕಿದ್ದು, ತಿನ್ನಿ" ಎನ್ನಲು ಶ್ರೀಲತಾ ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. ಅರೆಕ್ಷಣ ಕಳೆಯಿತು, ಇನ್ನೊಂದು ಕಳೆಯಿತು.

"ಸೇ... ಸೇರಲ್ಲ," ಎಂದು ಮಾತು ಮುಗಿಸಿದ ಮಧುಕರ. ಮುಗಿಸಿದ್ದಕ್ಕೆ ತಾನೇ ಬೆರಗಾಗಿ ತಟ್ಟೆ ನೋಡುತ್ತ ಕುಳಿತ.

ಮದುವೆಯಾಗಿ ಇಪ್ಪತ್ತೊಂದು ವರ್ಷ. ಅಷ್ಟೂ ವರ್ಷ ಅವಳು ಪಲ್ಯಕ್ಕೆ ಧಾರಾಳವಾಗಿ ಇಂಗು ಹಾಕಿದ್ದಳು.

ಮರುದಿನವೇ ಶ್ರೀಲತಾ ನಾಗವೇಣಿಯವರ ಪ್ರಯೋಗಾಲಯಕ್ಕೆ ಓಡಿದಳು. "ಪಟ್ಟಿ ಕಟ್ಟಿದ್ದು ಕೈಗೆ ತಾನೇ? ನಾಲಿಗೆ ಯಾಕೆ ನಿಲ್ಲುತ್ತೆ?"

ವಿಜ್ಞಾನಿ ತಬ್ಬಿಬ್ಬಾದರು. "ಮಿದುಳಿನಲ್ಲಿ ಆತುರಕ್ಕೆ ಕೈಯದು ಬೇರೆ, ನಾಲಿಗೆಯದು ಬೇರೆ ಅಂತ ಬಾಗಿಲಿರೋ ಹಾಗೆ ಕಾಣಲ್ಲ. ಇದನ್ನ ನಾವು ಯೋಚಿಸಿರಲಿಲ್ಲ. ತೊಂದರೆ ಆಗ್ತಿದ್ರೆ ಇವತ್ತೇ ಬಿಚ್ಚಿಬಿಡೋಣ."

"ಅಲ್ಲ ಮೇಡಂ, ಅವರು ಮಾತು ಶುರು ಮಾಡಿದ ಕೂಡಲೇ ನಾನೇ ಮುಗಿಸ್ತಿದ್ದೆ. ಪಾಪ, ಕಷ್ಟಪಡ್ತಾರಲ್ಲ ಅಂತ."

"ನಮ್ಮ ಭಾಷೇಲಿ 'ಇಲ್ಲ', 'ಬೇಡ', 'ಸೇರಲ್ಲ' ಎಲ್ಲ ಬರೋದು ಮಾತಿನ ಕೊನೇಲಿ," ಎಂದರು ನಾಗವೇಣಿ ನಿಧಾನವಾಗಿ. "ಅರ್ಧಕ್ಕೇ ನೀವು ಮುಗಿಸಿದ್ರೆ..."

ಗಂಡ ಯಾವುದಕ್ಕೂ ಎದುರಾಡುವುದಿಲ್ಲ ಎಂದು ಶ್ರೀಲತಾ ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದಳು. ಪಾಪ, ಮಧುಕರ 'ಹೋಗಲಿ' ಎಂದು ಸುಮ್ಮನಾಗುತ್ತಿದ್ದನಷ್ಟೆ. ಅವಳು ಪಟ್ಟಿ ಬಿಚ್ಚಿಸಲಿಲ್ಲ. ಉಳಿದ ಹತ್ತು ದಿನವನ್ನೂ ಮುಗಿಸಿದಳು.

ಆಯ್ಕೆಯ ಪಂದ್ಯ ಭಾನುವಾರ ಬೆಳಿಗ್ಗೆ ನಡೆಯಿತು. ಪಟ್ಟಿಯಿಲ್ಲದೆ ಆಡಿದ ಶ್ರೀಲತಾಳ ಆಟ ನೋಡಿ ಕ್ಲಬ್ಬಿನವರು ಮೂಗಿನ ಮೇಲೆ ಬೆರಳಿಟ್ಟರು. ಬಡಿಯುವ ಅವಸರವಿಲ್ಲ. ಅಡುಗೆಮನೆಯೊಳಗೆ ಚೆಂಡನ್ನು ಇಳಿಸಿದಳು, ಮತ್ತೆ ಇಳಿಸಿದಳು. ಎದುರಿನವರೇ ತಾಳ್ಮೆಗೆಟ್ಟು ತಪ್ಪು ಮಾಡಿದರು. ಹನ್ನೊಂದು-ಆರು ಅಂಕಗಳಿಂದ ಗಂಡಹೆಂಡತಿ ಗೆದ್ದರು.

ಕಾರ್ಯದರ್ಶಿ ಪೊನ್ನಪ್ಪ ಫೋನು ತೆಗೆದರು. "ಸೋಮವಾರದಿಂದ ಪ್ರವೀಣರ ಗುಂಪು. ಇಬ್ರ ಹೆಸರೂ ಹಾಕ್ಲಾ?"

ಎರಡು ವರ್ಷದಿಂದ ಕಾದ ಮಾತು. "ಹಾಕಿ" ಎಂದುಬಿಡಬಹುದಿತ್ತು. ಶ್ರೀಲತಾ ಗಂಡನ ಕಡೆ ತಿರುಗಿದಳು.

"ನಂಗೆ ಈ ಆಟ ಇ... ಇಷ್ಟ..." ಎಂದ ಮಧುಕರ.

"ಸರಿ ಹಾಗಾದ್ರೆ," ಎಂದು ಪೊನ್ನಪ್ಪ ಹೆಸರು ಒತ್ತಲು ಹೊರಟರು. ಶ್ರೀಲತಾ ಕೈ ಅಡ್ಡ ಹಿಡಿದು ತಡೆದಳು.

"...ಇಲ್ಲ," ಎಂದ ಮಧುಕರ.

ಅವಳ ಕಣ್ಣು ತುಂಬಿತು. ಸಿಟ್ಟೂ ಬಂದಿತ್ತು, ಸುಳ್ಳೇಕೆ. "ಮತ್ಯಾಕೆ ಎರಡು ವರ್ಷ ದಿನಾ ಬಂದ್ರಿ?"

ಅವನ ಉತ್ತರಕ್ಕೆ ಸಾಕಷ್ಟು ಹೊತ್ತು ಹಿಡಿಯಿತು. "ಆಡೋವಾಗ ಯಾರೂ ಮಾ... ಮಾತಾಡಲ್ಲ ನೋಡು. ಇಲ್ಲಿ ಆದ್ರೆ ನಿನ್ನ ಜೊತೆ ಸು... ಸುಮ್ನೆ ಇರಬಹುದಾಗಿತ್ತು."

ಪೊನ್ನಪ್ಪ ನೆಟ್ಟು ಸರಿಪಡಿಸಲು ಹೋದರು. ಶ್ರೀಲತಾ ಅವರನ್ನು ಕರೆದು, "ನನ್ನ ಹೆಸರು ಮಾತ್ರ ಹಾಕಿ. ಜೊತೆಗೆ ಬೇರೆ ಯಾರಾದ್ರೂ ಸಿಗ್ತಾರೆ," ಎಂದಳು. ಆಮೇಲೆ ಬೆಂಚಿನ ಮೇಲೆ ಗಂಡನ ಪಕ್ಕದಲ್ಲಿ ಕುಳಿತು ಬೂಟಿನ ದಾರ ಸಡಿಲಿಸಿದಳು.

"ಇನ್ನೂ ಏನೇನು ಇಷ್ಟ ಇಲ್ಲ, ಹೇಳಿ."

ಮಧುಕರ ಶುರು ಮಾಡಿದ. ಅಂಕಣದಲ್ಲಿ ಮುಂದಿನ ಪಂದ್ಯ ಮುಗಿದು, ಅದರ ಮುಂದಿನದೂ ಮುಗಿದು, ಬಿಸಿಲು ಬೆಂಚಿಗೆ ಬಂತು. ನಡುವೆ ಶ್ರೀಲತಾ ಒಂದು ಮಾತನ್ನೂ ಆಡಲಿಲ್ಲ.