ಕ್ಯಾರವಾನಿನ ಮೇಲೊಂದು ಆಂಟೆನಾ

"ಅದನ್ನ ಬಿಚ್ಚಿ ತಗೊಂಡು ಹೋಗಿ. ಇವತ್ತೇ."

ಅಂಗಡಿಯ ಮುಂದೆ ನಿಂತು ಹೀಗೆಂದವಳು ಲೆಕ್ಕದ ಟೀಚರ್. ಒಳಗೆ ಕೂತು ತಂತಿಯ ತುದಿ ಹೆರೆಯುತ್ತಿದ್ದವನು ಆಂಟೆನಾ ಕಟ್ಟುವವನು. ಆಳು ಉದ್ದ, ಹೆಗಲ ಮೇಲೆ ಸದಾ ಏಣಿ. ಹಾಗಾಗಿ ಊರಿಗೆಲ್ಲ ಅವನು 'ಏಣಿ'ಯೇ.

"ಯಾವುದನ್ನ ಮೇಡಂ?"

"ನಿನ್ನೆ ನಮ್ಮ ಕ್ಯಾರವಾನ್ ಮೇಲೆ ಕಟ್ಟಿದ್ರಲ್ಲ, ಆ ಆಂಟೆನಾ. ಸಂಜೆಯೆಲ್ಲ ಚೆನ್ನಾಗಿತ್ತು. ಇವತ್ತು ಬೆಳಿಗ್ಗೆ ಕ್ಲಾಸ್ ಮಧ್ಯೆ ಮೂರು ಸಲ ಕೈಕೊಡ್ತು."

"ನೋಡ್ತೀನಿ ಮೇಡಂ."

"ನೋಡೋದಲ್ಲ. ಶುಕ್ರವಾರದೊಳಗೆ ಇನ್ನೊಂದು ಕ್ಲಾಸ್ ಕಡಿದುಹೋದ್ರೆ ನನ್ನ ಕೆಲಸ ಬೇರೆಯವರಿಗೆ ಹೋಗುತ್ತೆ. ಗೊತ್ತಾ ನಿಮಗೆ?"

ಅವನಿಗೆ ಗೊತ್ತಿರಲಿಲ್ಲ. ಕೋಪದಲ್ಲೂ ಅವಳ ಕಣ್ಣಂಚು ಒದ್ದೆಯಾಗಿದ್ದದ್ದು ಮಾತ್ರ ಕಂಡಿತು. ಏಣಿ ಹೆಗಲಿಗೇರಿಸಿ ಹೊರಟ.

ಅವಳ ಅಪ್ಪ ಮೂವತ್ತು ವರ್ಷ ಒಂದೇ ರೂಟಿನಲ್ಲಿ ಬಸ್ಸು ಓಡಿಸಿದವರು. ಹೋಗುತ್ತ ಹದಿನಾರು ಕಿಲೋಮೀಟರ್, ಬರುತ್ತ ಹದಿನಾರು. ಕೊನೆಯ ಸ್ಟಾಪಿನಾಚೆ ದೇವರು ಇನ್ನೇನೇನು ಮಾಡಿಟ್ಟಿದ್ದಾನೋ ನೋಡಬೇಕೆಂಬುದು ಅವರ ಒಂದೇ ಆಸೆ. ನಿವೃತ್ತಿಯಾದ ಮೇಲೆ, ಮಲಗಲು ಉಣ್ಣಲು ಒಳಗೇ ಜಾಗವಿರುವ ಈ ಕ್ಯಾರವಾನ್ ಗಾಡಿಯಲ್ಲಿ, ಮಗಳು ಆ ಆಸೆಯ ಜೊತೆಗೇ ಹೊರಟಿದ್ದಳು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಇಂಟರ್ನೆಟ್ಟಿನಲ್ಲಿ ಮಕ್ಕಳಿಗೆ ಲೆಕ್ಕ, ಆಮೇಲೆ ದಾರಿ. ಕೆಲಸ ಹೋದರೆ ಕ್ಯಾರವಾನು ನಿಂತಂತೆ, ಅಪ್ಪನ ಲೋಕ ಮತ್ತೆ ಹದಿನಾರು ಕಿಲೋಮೀಟರಿಗೆ ಕುಗ್ಗಿದಂತೆ.

ಏಣಿ ಗಾಡಿಯ ಮೇಲೆ ಹತ್ತಿ ನೋಡಿದ. ಕಟ್ಟಿದ್ದು ಕಟ್ಟಿದಂತೆಯೇ ಗಟ್ಟಿಯಾಗಿತ್ತು. ಆದರೆ ಟವರ್ ಇದ್ದದ್ದು ನೀರಿನ ಟ್ಯಾಂಕಿನ ಪಕ್ಕ. ಆಂಟೆನಾ ಅದಕ್ಕೆ ಬೆನ್ನು ಹಾಕಿ ಬಯಲು ನೋಡುತ್ತಿತ್ತು. ಕೆಳಗೆ ಜಲ್ಲಿಯ ಮೇಲೆ ಚಕ್ರದ ಹೊಸ ಗುರುತು, ಅರ್ಧ ಸುತ್ತು.

ಇಳಿದು ಬಂದು, ಮೆಟ್ಟಿಲ ಮೇಲೆ ಕೂತಿದ್ದ ಅಪ್ಪನ ಕಿವಿಯ ಬಳಿ ಬಗ್ಗಿದ. "ಯಜಮಾನ್ರೇ, ಗಾಡಿ ತಿರುಗಿಸಿದ್ರಾ?"

ಅಪ್ಪ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

"ಬೆಳಿಗ್ಗೆ ಬಾಗಿಲು ತೆಗೆದ್ರೆ ಸೂರ್ಯದೇವರ ಮುಖ ಕಾಣ್ಬೇಕಪ್ಪ ನನಗೆ. ಹೋದ ಕಡೆಯೆಲ್ಲ ಹಾಗೇ ತಿರುಗಿಸಿ ನಿಲ್ಸೋದು. ತಿರುಗಿಸ್ಬೇಡಿ ಅಂತ ನೀನು ಹೇಳಿದ್ದೆ, ಕೈಗೆ ನೆನಪಿರಲಿಲ್ಲ... ಅವಳಿಗೆ ಹೇಳ್ಬೇಡ ಮಾರಾಯ. ನನಗೋಸ್ಕರವೇ ಬಂದವಳು."

ಅಷ್ಟರಲ್ಲಿ ಟೀಚರ್ ಬಾಗಿಲಿಗೆ ಬಂದಳು. ಹೋದಲ್ಲೆಲ್ಲ ಗಾಡಿ ಹೀಗೆ ತಿರುಗುವುದು ಎಷ್ಟು ರೂಢಿಯೆಂದರೆ, ಅದು ಅವಳ ಗಮನಕ್ಕೇ ಬಂದಿರಲಿಲ್ಲ.

"ಏನಾಗಿತ್ತು?"

"ಸಡಿಲ ಕಟ್ಟಿದ್ದೆ ಮೇಡಂ. ಗಾಳಿಗೆ ತಿರುಗಿದೆ. ತಪ್ಪು ನನ್ನದೇ."

"ಇನ್ನೊಬ್ಬರ ಅನ್ನದ ವಿಷಯದಲ್ಲಿ ಸಡಿಲ ಕಟ್ತೀರಾ?"

ಅವನು ತಲೆ ತಗ್ಗಿಸಿದ. ಅಪ್ಪ ಆಕಾಶ ನೋಡಿದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಏಣಿ ಆವತ್ತು ಸಂಜೆಯೊಳಗೆ ಒಂದು ಉಪಾಯ ಮಾಡಿದ. ಆಂಟೆನಾವನ್ನು ಉದ್ದದ ಪೈಪಿಗೆ ಕಟ್ಟಿ, ಪೈಪನ್ನು ಹಿಂಬಾಗಿಲ ಪಕ್ಕ ಇಳಿಸಿ, ಕೆಳಗೊಂದು ಹಿಡಿ, ಬಿಗಿಯಲೊಂದು ನಟ್ಟು ಕೂರಿಸಿದ. ಗಾಡಿ ಯಾವ ದಿಕ್ಕಿಗಾದರೂ ನಿಲ್ಲಲಿ, ನೆಲದಲ್ಲೇ ನಿಂತು ತಿರುಗಿಸಿದರಾಯಿತು.

"ಗಾಡಿ ಮೈಯೆಲ್ಲ ತಗಡು ಮೇಡಂ, ಫೋನ್ ಒಳಗಿಟ್ರೆ ಸಿಗ್ನಲ್ ಬರಲ್ಲ. ಹೋದ ಊರಲ್ಲಿ ಮೊದಲು ಟವರ್ ಎಲ್ಲಿದೆ ನೋಡಿ. ನಿಧಾನ ತಿರುಗಿಸಿ, ಪ್ರತಿ ಸಲ ಸ್ಪೀಡ್ ನೋಡಿ, ಚೆನ್ನಾಗಿರೋ ಕಡೆ ನಟ್ಟು ಬಿಗೀರಿ. ರೂಟರಿಗೆ ಎರಡು ಕಂಪನಿ ಸಿಮ್ ಹಾಕಿದ್ದೀನಿ. ಒಂದು ಸತ್ರೂ ಇನ್ನೊಂದು ಹಿಡ್ಕೊಳ್ಳುತ್ತೆ."

"ಇದೂ ಸಡಿಲ ಇಲ್ಲ ತಾನೇ?"

"ನೀವೇ ಬಿಗೀರಿ. ಆಮೇಲೆ ನನ್ನ ಬೈಯೋ ಹಾಗಿಲ್ಲ."

ಅವಳಿಗೆ ನಗು ಬಂತು. ಬಂದದ್ದನ್ನು ಅವನಿಗೆ ಕಾಣಿಸದಂತೆ ತಿರುಗಿಕೊಂಡಳು.

ಗುರುವಾರ, ಶುಕ್ರವಾರ, ಎರಡೂ ದಿನ ಒಂಬತ್ತಕ್ಕೆ ಸರಿಯಾಗಿ ಅವನು ಬಂದು ಪೈಪಿನ ಪಕ್ಕ ನಿಂತ. ಪಾಠ ಮುಗಿಯುವವರೆಗೂ ಕದಲಲಿಲ್ಲ. ಕಿಟಕಿಯಿಂದ ಅವನ ಕೈ ಮಾತ್ರ ಅವಳಿಗೆ ಕಾಣುತ್ತಿತ್ತು. 'ಇದು ಸಡಿಲ ಕಟ್ಟೋ ಕೈಯಲ್ಲ...' ಎಂದು ಮನಸ್ಸು ಹೇಳುತ್ತಲೇ ಇತ್ತು.

ಶುಕ್ರವಾರದ ಪಾಠ ಒಮ್ಮೆಯೂ ಕಡಿಯದೆ ಮುಗಿಯಿತು. ಕೆಲಸ ಉಳಿಯಿತು. ಇನ್ನು ಎಲ್ಲಿಗೆ ಬೇಕಾದರೂ ಹೋಗಬಹುದು. ಹೋಗಲೇಬೇಕು... ಎದೆಯಲ್ಲಿ ಭಾರವಾದದ್ದು ಅದೇ.

ಶನಿವಾರ ಗಾಡಿ ಹೊರಡುವಾಗ ಅವನು ಒಂದೇ ಮಾತು ಹೇಳಿದ. "ನಟ್ಟು ಬಿಗಿಯೋದು ಮರೀಬೇಡಿ."

ಅವಳು ಇನ್ನೊಂದು ಮಾತಿಗೆ ಕಾದಳು. ಅದು ಬರಲಿಲ್ಲ.

ಎಪ್ಪತ್ತು ಕಿಲೋಮೀಟರ್ ಕಳೆದ ಮೇಲೆ ಅಪ್ಪ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದರು.

"ಮಗಳೇ, ಅವನು ಸಡಿಲ ಕಟ್ಟಿರಲಿಲ್ಲ. ಗಾಡಿ ತಿರುಗಿಸಿದ್ದು ನಾನು. ನನ್ನ ಮಾನ ಉಳಿಸೋಕೆ ಬೈಸಿಕೊಂಡ. ದೇವರು ಮೆಚ್ಚೋ ಹುಡುಗ. ನೀನೂ ಮೆಚ್ಚಿದ್ರೆ ನನ್ನದೇನೂ ಅಡ್ಡಿ ಇಲ್ಲ."

"ಅಪ್ಪಾ... ಇದನ್ನ ಅಲ್ಲೇ ಹೇಳೋಕೆ ಏನಾಗಿತ್ತು?"

"ಬಸ್ ಡ್ರೈವರ್ ಕಣೇ ನಾನು. ಸ್ಟಾಪ್ ದಾಟಿದ ಮೇಲೇ ನೆನಪಾಗೋದು."

ಮಧ್ಯಾಹ್ನ ಒಂದು ಕೆರೆಯ ಪಕ್ಕ ನಿಂತರು. ಟವರ್ ಹುಡುಕಿ, ಪೈಪು ತಿರುಗಿಸಿ, ನಟ್ಟು ಬಿಗಿದು, ಅವಳು ವಿಡಿಯೋ ಕರೆ ಮಾಡಿದಳು. ಪರದೆಯ ಮೇಲೆ ಅವನ ಮುಖ ಒಂದಿಷ್ಟೂ ಅಲುಗಾಡದೆ ಮೂಡಿತು.

"ಸಿಗ್ನಲ್ ಸರಿ ಇದ್ಯಾ ಮೇಡಂ?"

"ಸರಿ ಇದೆ. ಅಪ್ಪ ಎಲ್ಲಾ ಹೇಳಿದ್ರು... ನಾನು ಸುಮ್ಮನೆ ನಿಮ್ಮನ್ನ ಬೈದೆ."

"ಬೈಯೋಕಾದ್ರೂ ಮಾತಾಡಿದ್ರಲ್ಲ. ಅದೇ ಸಾಕಾಗಿತ್ತು ನನಗೆ."

ಅವಳು ಪರದೆಯ ಹತ್ತಿರಕ್ಕೆ ಸರಿದಳು.

"ನನಗೆ ಸಾಕಾಗಲ್ಲ," ಎಂದಳು ಅವಳು, ಮೆಲ್ಲಗೆ. "ದಿನಾ ಬೇಕು."

ಅವನು ಕೈಯಲ್ಲಿದ್ದ ತಂತಿ ಕೆಳಗಿಟ್ಟ. "ಎಷ್ಟು ದೂರ ಇದ್ದೀರಿ?"

"ನೂರ ಹತ್ತು ಕಿಲೋಮೀಟರ್. ಆದ್ರೆ ಇಲ್ಲಿ ರಿಪೇರಿ ಏನೂ ಇಲ್ಲ."

"ರಿಪೇರಿ ಇಲ್ಲದ ಮನೆಗೆ ಇವತ್ತಿನವರೆಗೂ ಯಾರೂ ನನ್ನ ಕರೆದಿಲ್ಲ."

"ನಾನು ಕರೀತಿದ್ದೀನಿ. ಬನ್ನಿ."

"ಸಂಜೆಯೊಳಗೆ ಬರ್ತೀನಿ... ಏಣಿ ತರಲ್ಲ."